ನಗರೋದ್ಯಾನಗಳ ಸುಧಾರಣೆಯಲ್ಲಿ ಸಮುದಾಯ ಸಹಭಾಗಿತ್ವ: ಬೆಂಗಳೂರು

ಏರುತ್ತಿರುವ ತಾಪಮಾನಕ್ಕೆ ತಕ್ಕಂತೆ ನಗರದ ಉದ್ಯಾನಗಳನ್ನು ರೂಪಿಸುವ, ಅಲ್ಲಿ ಗಿಡ ನೆಟ್ಟು ನೀರುಣಿಸುವ ಹಾಗೂ ಅವನ್ನು ನೋಡಿಕೊಳ್ಳುವ ಕೆಲಸದಲ್ಲಿ ಬಳಕೆದಾರರೂ ನೆರೆಹೊರೆಯವರೂ ಸ್ಥಳೀಯ ಸಂಸ್ಥೆಯೊಂದಿಗೆ ಪಾಲು ಪಡೆಯುವ ವ್ಯವಸ್ಥೆಯನ್ನು ಉದ್ಯಾನ ಸುಧಾರಣೆಯಲ್ಲಿ ಸಮುದಾಯ ಸಹಭಾಗಿತ್ವ ಎನ್ನುತ್ತಾರೆ. ಸಸಿ ನೆಡುವ ಶ್ರಮದಾನದಿಂದ ಹಿಡಿದು ಉದ್ಯಾನದ ನೀರು, ಹಣ, ಬಾಗಿಲು ತೆರೆಯುವ ವೇಳೆ ಮುಂತಾದವನ್ನು ನಿರ್ಧರಿಸುವ ಅಧಿಕಾರದವರೆಗೆ ಇದರ ವ್ಯಾಪ್ತಿ ಇದೆ. ಈ ಲೇಖನವು ಮುಖ್ಯವಾಗಿ ಬೆಂಗಳೂರಿನ ಅನುಭವವನ್ನು ಆಧರಿಸಿದೆ. ‘ಉದ್ಯಾನ’ ಎಂಬ ಪದವನ್ನು ಇಲ್ಲಿ ಬಡಾವಣೆಯ ಪಾರ್ಕುಗಳಿಗೂ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಂಥ ದೊಡ್ಡ ತೋಟಗಳಿಗೂ ಸಾರ್ವಜನಿಕ ವಿಹಾರಕ್ಕೆ ತೆರೆದಿರುವ ಕೆರೆಯಂಗಳಗಳಿಗೂ ಸಮಾನವಾಗಿ ಬಳಸಲಾಗಿದೆ.

ಹಿನ್ನೆಲೆ

ಊರ ನೆರಳನ್ನು ಊರವರೇ ಕಾಯುವ ಪದ್ಧತಿ ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಪಾಲಿಕೆಗಳಿಗಿಂತ ಹಳೆಯದು. ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಗಳ ಗುಂಡುತೋಪುಗಳು ದನಕರುಗಳಿಗೂ ದಾರಿಹೋಕರಿಗೂ ಸಂತೆಗೂ ಜಾತ್ರೆಗೂ ನೆರಳು ಕೊಡುತ್ತಿದ್ದವು. ಅರಳಿ ಮತ್ತು ಬೇವನ್ನು ಜೊತೆಯಾಗಿ ನೆಟ್ಟ ಅಶ್ವತ್ಥಕಟ್ಟೆ ಪೂಜೆಯ ತಾಣವೂ ಹೌದು, ಪಂಚಾಯಿತಿಯ ಜಾಗವೂ ಹೌದು. ನಗರ ಬೆಳೆದಂತೆ ಇಂಥ ಅನೇಕ ತೋಪುಗಳು ಬಡಾವಣೆ, ಬಸ್ ನಿಲ್ದಾಣ, ಕಚೇರಿಗಳಿಗೆ ಬಲಿಯಾದವು. ಕಟ್ಟೆಗಳು ಮಾತ್ರ ಬಹುಪಾಲು ಉಳಿದುಕೊಂಡಿವೆ.

ಆಳುವವರು ನಿರ್ಮಿಸಿದ ಉದ್ಯಾನಗಳ ಪರಂಪರೆ ಇದಕ್ಕಿಂತ ಬೇರೆ. ಲಾಲ್‌ಬಾಗ್‌ಗೆ ಹೈದರಾಲಿ 1760ರಲ್ಲಿ ಅಡಿಪಾಯ ಹಾಕಿದ. ಇಂದು ಅದರ ವಿಸ್ತೀರ್ಣ 240 ಎಕರೆ. 1870ರಲ್ಲಿ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿಗೆ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಅಧಿಕೃತ ಹೆಸರಿದೆ. ಜರ್ಮನ್ ಸಸ್ಯವಿಜ್ಞಾನಿ ಜಿ. ಎಚ್. ಕ್ರುಂಬಿಗಲ್ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದಾಗ, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ರಸ್ತೆಗಳಲ್ಲಿ ಗಿಡ ನೆಡಿಸಿದರು. ಇವೆಲ್ಲ ಇಲಾಖೆಯ ಕೆಲಸಗಳಾಗಿದ್ದವು. ಜನರ ಪಾಲಿಗೆ ಇದ್ದುದು ನೋಡುವ ಮತ್ತು ಅಡ್ಡಾಡುವ ಅವಕಾಶ ಮಾತ್ರ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಮನೆಯ ಮುಂದಿನ ಸಸಿಯ ಆರೈಕೆಗೆ ನಿವಾಸಿಗಳನ್ನು ಸೇರಿಸಿಕೊಂಡದ್ದು ಆ ಯೋಜನೆಯ ವಿಶೇಷ. ಜಯನಗರ, ಮಲ್ಲೇಶ್ವರ, ರಾಜಾಜಿನಗರಗಳ ಬೀದಿಗಳಲ್ಲಿ ಇಂದು ನಿಂತಿರುವ ನೆರಳಿನಲ್ಲಿ ಆ ಕಾಲದ ಪಾಲು ದೊಡ್ಡದು.

ಬಡಾವಣೆಯ ಜನ ಉದ್ಯಾನಕ್ಕಾಗಿ ಸಂಘಟಿತರಾದದ್ದು ಮೊದಲಿಗೆ ಅದನ್ನು ಉಳಿಸಿಕೊಳ್ಳಲು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಸರ್ಕಾರ ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರ ತೀರ್ಪು ನೀಡಿತು. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಇಷ್ಟಬಂದಂತೆ ಬೇರೆ ಬಳಕೆಗೆ ಕೊಡಲಾಗದು, ಬಡಾವಣೆಯ ಜನರಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂಬುದನ್ನು ಈ ತೀರ್ಪು ಸ್ಥಾಪಿಸಿತು. ದೇಶದ ಇತರ ನಗರಗಳ ಉದ್ಯಾನ ವ್ಯಾಜ್ಯಗಳಲ್ಲೂ ಇದನ್ನು ಉಲ್ಲೇಖಿಸಲಾಗುತ್ತದೆ. ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಸಂರಕ್ಷಣೆಯಿಂದ ಕೈಬಿಡುವ ಪ್ರಸ್ತಾಪದ ವಿರುದ್ಧ 1998ರಲ್ಲಿ, ಉಕ್ಕಿನ ಮೇಲ್ಸೇತುವೆಯ ವಿರುದ್ಧ 2016ರಲ್ಲಿ ನಡೆದ ಪ್ರತಿಭಟನೆಗಳು ಇದೇ ಜಾಡಿನವು. ಮೇಲ್ಸೇತುವೆಗಾಗಿ ನೂರಾರು ಮರಗಳು ಉರುಳಬೇಕಿತ್ತು. ಸರ್ಕಾರ 2017ರಲ್ಲಿ ಯೋಜನೆಯನ್ನು ಕೈಬಿಟ್ಟಿತು.

ಉಳಿಸಿಕೊಳ್ಳುವ ಹೋರಾಟವು ಉದ್ಯಾನವನ್ನು ನಡೆಸುವ ಕೆಲಸಕ್ಕೆ ತಿರುಗಿದ್ದು 2000ದ ನಂತರ. ತಾಪದ ವಿಷಯ ಇದಕ್ಕೆ ಸೇರಿಕೊಂಡದ್ದು ಇನ್ನೂ ಈಚೆಗೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು ತಂಪಿಗೆ ಹೆಸರಾದ ನಗರದಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್, 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ದಾಖಲಾಯಿತು.

ಉದ್ಯಾನ ತಂಪು ನೀಡುವ ಬಗೆ

ಕಾಂಕ್ರೀಟು, ಡಾಂಬರುಗಳು ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಿಟ್ಟುಕೊಡುವುದರಿಂದ ನಗರ ತನ್ನ ಸುತ್ತಣ ಹೊಲಗಳಿಗಿಂತ ಬಿಸಿಯಾಗಿರುತ್ತದೆ. ಇದಕ್ಕೆ ನಗರ ಉಷ್ಣದ್ವೀಪ ಎಂದು ಹೆಸರು. ಲ್ಯೂಕ್ ಹೋವರ್ಡ್ 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಇದನ್ನು ಮೊದಲು ದಾಖಲಿಸಿದ.

ಉದ್ಯಾನವು ಈ ಬಿಸಿಯನ್ನು ಎರಡು ದಾರಿಗಳಲ್ಲಿ ಇಳಿಸುತ್ತದೆ. ಒಂದು ನೆರಳು: ಬಿಸಿಲು ನೆಲಕ್ಕೂ ಮೈಗೂ ತಾಗದಂತೆ ಎಲೆಗಳು ತಡೆಯುತ್ತವೆ. ಇನ್ನೊಂದು ಆವಿಯಾಗುವಿಕೆ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಎಲೆಗಳಿಂದಲೂ ಒದ್ದೆ ಮಣ್ಣಿನಿಂದಲೂ ಏಳುವ ಆವಿ ಅಷ್ಟು ಶಾಖವನ್ನು ಸುತ್ತಲಿನಿಂದ ಸೆಳೆದುಕೊಳ್ಳುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹಗಲಿನಲ್ಲಿ ಉದ್ಯಾನಗಳು ಕಟ್ಟಡಗಳಿರುವ ಪ್ರದೇಶಕ್ಕಿಂತ ಸರಾಸರಿ 0.94 ಡಿಗ್ರಿ ತಂಪಾಗಿದ್ದವು. ಸರಾಸರಿ ಚಿಕ್ಕದಾಗಿ ಕಂಡರೂ ಮರದ ಕೆಳಗಿನ ಅಂತರ ದೊಡ್ಡದು. ಬೆಂಗಳೂರಿನ ಬೀದಿಮರಗಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರಗಳಿದ್ದ ರಸ್ತೆಭಾಗಗಳಲ್ಲಿ ಮಧ್ಯಾಹ್ನದ ಗಾಳಿಯ ತಾಪ 5.6 ಡಿಗ್ರಿಯವರೆಗೂ ಡಾಂಬರಿನ ಮೇಲ್ಮೈ ತಾಪ 27.5 ಡಿಗ್ರಿಯವರೆಗೂ ಕಡಿಮೆ ಇತ್ತು.

ಇದರಿಂದ ಹೊರಡುವ ವ್ಯಾವಹಾರಿಕ ಅಂಶ ಸ್ಪಷ್ಟ: ಹಸಿರು ಬಣ್ಣವೆಲ್ಲ ಒಂದೇ ಅಲ್ಲ. ಹುಲ್ಲುಹಾಸು ನೆರಳು ಕೊಡದು, ಬೇಸಗೆಯಲ್ಲಿ ನೀರು ಮಾತ್ರ ಹೆಚ್ಚು ಬೇಡುತ್ತದೆ. ನೀರಿಲ್ಲದೆ ಒಣಗಿದ ಹುಲ್ಲುನೆಲ ಬರಿನೆಲದಷ್ಟೇ ಕಾಯುತ್ತದೆ. ಇನ್ನೊಂದೆಡೆ, ಉದ್ದಗಲಕ್ಕೂ ಒತ್ತಾದ ಮರಗಳಿದ್ದರೆ ರಾತ್ರಿ ಶಾಖ ಮೇಲೇರಿ ಹೋಗಲು ತಡವಾಗುತ್ತದೆ. ಆದ್ದರಿಂದ ಮರಗಳ ಗುಂಪು ಮತ್ತು ತೆರೆದ ಜಾಗ ಎರಡೂ ಇರುವ ವಿನ್ಯಾಸವನ್ನು ತಜ್ಞರು ಮೇಲು ಎನ್ನುತ್ತಾರೆ. ಪ್ರದೇಶದಿಂದ ಪ್ರದೇಶಕ್ಕೂ ಲೆಕ್ಕ ಬದಲಾಗುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಆವಿಯಾಗುವಿಕೆಯಿಂದ ಸಿಗುವ ಲಾಭ ಕಡಿಮೆ, ನೆರಳು ಮತ್ತು ಗಾಳಿಯಾಟ ಮುಖ್ಯ. ಕಲಬುರಗಿ, ರಾಯಚೂರುಗಳ ಒಣ ಬಿಸಿಲಿನಲ್ಲಿ ಆವಿಯಾಗುವಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೇಕಾದ ನೀರೇ ಅಲ್ಲಿ ವಿರಳ.

ಕಾನೂನು ಮತ್ತು ಆಡಳಿತ

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ರಾಜ್ಯ ತೋಟಗಾರಿಕೆ ಇಲಾಖೆಯ ವಶದಲ್ಲಿದ್ದು, 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಬಡಾವಣೆಗಳಲ್ಲಿರುವ ಸಾವಿರಕ್ಕೂ ಹೆಚ್ಚು ಉದ್ಯಾನಗಳು 2025ರವರೆಗೆ ಮಹಾನಗರ ಪಾಲಿಕೆಯ ತೋಟಗಾರಿಕೆ ವಿಭಾಗದಲ್ಲಿದ್ದವು. ಇವುಗಳಿಗೆ 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಅಧಿನಿಯಮದ ರಕ್ಷಣೆ ಇದೆ. ಮರ ಕಡಿಯುವುದನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ನಿಯಂತ್ರಿಸುತ್ತದೆ. ಒಂದು ಯೋಜನೆಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂಬ ನಿಯಮ ಈ ಕಾಯ್ದೆಯ ತಿದ್ದುಪಡಿಯಿಂದ ಬಂತು. ಬೆಂಗಳೂರಿನಲ್ಲಿ ಜನ ಹೆಚ್ಚಾಗಿ ಬಳಸಿರುವ ಸಾಧನ ಇದೇ.

74ನೆಯ ಸಂವಿಧಾನ ತಿದ್ದುಪಡಿ ವಾರ್ಡ್ ಸಮಿತಿಗಳಿಗೆ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ಮಹಾನಗರ ಪಾಲಿಕೆಗಳ ವಾರ್ಡ್ ಸಮಿತಿ ನಿಯಮಗಳು 2016ರಲ್ಲಿ ಬಂದವು. ಉದ್ಯಾನದ ನಿರ್ವಹಣೆ, ನೀರು, ಬೆಳಕು ಇವೆಲ್ಲ ಈ ಸಮಿತಿಗಳ ತಿಂಗಳ ಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯಗಳು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ನಂತರ ವರ್ಷಗಟ್ಟಲೆ ಚುನಾವಣೆ ನಡೆಯದ ಕಾರಣ ಸಮಿತಿಗಳಿಗೆ ಜನಪ್ರತಿನಿಧಿಗಳೇ ಇಲ್ಲವಾದರು, ಅಧಿಕಾರಿಗಳೇ ಅವನ್ನು ನಡೆಸಿದರು.

ಸಹಭಾಗಿತ್ವದ ಬಗೆಗಳು

ಶೆರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕ ಸಹಭಾಗಿತ್ವವನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು: ತಳದಲ್ಲಿ ಜನರನ್ನು ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು, ನಡುವೆ ಮಾಹಿತಿ ಮತ್ತು ಸಮಾಲೋಚನೆ, ತುದಿಯಲ್ಲಿ ಅಧಿಕಾರ ಹಂಚಿಕೆ ಮತ್ತು ನಾಗರಿಕ ನಿಯಂತ್ರಣ. ಬೆಂಗಳೂರಿನಲ್ಲಿ ಕಾಣುವ ಬಗೆಗಳನ್ನು ಈ ಅಳತೆಯಲ್ಲಿ ನೋಡಬಹುದು.

ಪರಿಸರ ದಿನದಂದು ಜೂನ್ ತಿಂಗಳಲ್ಲಿ ನಡೆಯುವ ಸಸಿ ನೆಡುವ ಕಾರ್ಯಕ್ರಮ ಕೆಳಗಿನ ಮೆಟ್ಟಿಲಿನದು. ಮಳೆಗಾಲದಲ್ಲಿ ನೆಟ್ಟ ಸಸಿಗೆ ಮುಂದಿನ ಎರಡು ಮೂರು ಬೇಸಗೆಗಳಲ್ಲಿ ನೀರುಣಿಸುವವರಾರು ಎಂಬುದು ಅಲ್ಲಿ ಸಾಮಾನ್ಯವಾಗಿ ತೀರ್ಮಾನವಾಗಿರುವುದಿಲ್ಲ. ದತ್ತು ಪಡೆಯುವುದು ಇನ್ನೊಂದು ಬಗೆ: ಕಂಪನಿ ಅಥವಾ ಸಂಘ ಉದ್ಯಾನದ ನಿರ್ವಹಣಾ ವೆಚ್ಚ ಹೊತ್ತು, ಬದಲಿಗೆ ತನ್ನ ಫಲಕ ಹಾಕಿಕೊಳ್ಳುತ್ತದೆ. ಇಲ್ಲಿ ಹಣ ಬರುತ್ತದೆ. ನಿರ್ಧಾರದಲ್ಲಿ ಬಳಕೆದಾರರಿಗೆ ಪಾಲು ಸಿಗುವುದು ಖಚಿತವಲ್ಲ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳು, ನಡಿಗೆದಾರರ ಸಂಘಗಳು ಬೆಳಗಿನ ವಾಯುವಿಹಾರಿಗಳ ಒಟ್ಟುಗೂಡುವಿಕೆಯಿಂದ ಹುಟ್ಟಿದವು. ಮಾಲಿಯ ಕೆಲಸ, ಪಂಪು, ದೀಪಗಳ ಮೇಲೆ ನಿತ್ಯದ ನಿಗಾ ಇಡುವಲ್ಲಿ ಇವನ್ನು ಮೀರಿಸುವ ವ್ಯವಸ್ಥೆ ಇಲ್ಲ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಸಂಚಾರ ನಿಲ್ಲಿಸುವ ಕ್ರಮ 2015ರಲ್ಲಿ ಜಾರಿಗೆ ಬಂದುದರ ಹಿಂದೆಯೂ ಇಂಥ ಒತ್ತಾಯವಿತ್ತು.

ಒಡಂಬಡಿಕೆಯ ಮೂಲಕ ನಿರ್ವಹಣೆಯ ಹೊಣೆಯನ್ನೇ ಹೊರುವುದು ಮೇಲಿನ ಮೆಟ್ಟಿಲಿಗೆ ಹತ್ತಿರ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಾಗಿ ನೆರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಸ್ಥಾಪಿಸಿ, 2011ರಲ್ಲಿ ಪಾಲಿಕೆಯೊಂದಿಗೆ ಒಡಂಬಡಿಕೆ ಮಾಡಿಕೊಂಡರು. ಸುಮಾರು 13 ಎಕರೆಯ ಈ ಕೆರೆಗೆ ಸುತ್ತ ಎದ್ದ ಕಟ್ಟಡಗಳಿಂದಾಗಿ ಮಳೆನೀರಿನ ಹರಿವು ಕುಗ್ಗಿತ್ತು. ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರನ್ನು ತಿರುಗಿಸಿ ಕೆರೆಯನ್ನು ತುಂಬಿಸುವ ಏರ್ಪಾಡಾಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಪುನಶ್ಚೇತನದ ಯೋಜನೆ ತಯಾರಾಗುವಾಗಲೇ ಸ್ಥಳೀಯರನ್ನು ಸೇರಿಸಿಕೊಳ್ಳಲಾಯಿತು. ವಾಕಿಂಗ್ ಬರುವವರ ಜೊತೆಗೆ ದನಗಳಿಗೆ ಹುಲ್ಲು ಕೊಯ್ಯುವವರಿಗೂ ಮೀನು ಹಿಡಿಯುವವರಿಗೂ ಅಲ್ಲಿ ಜಾಗ ಉಳಿಯಿತು. ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗಿನ ಮೂಲಕ ಸೋಸಿ ಕೆರೆಗೆ ಇಳಿಯುತ್ತದೆ. ಜಲಪೋಷಣ ಎಂಬ ಟ್ರಸ್ಟ್ ಅಲ್ಲಿನ ಸಮುದಾಯ ಚಟುವಟಿಕೆಗಳನ್ನು ನೋಡಿಕೊಂಡಿದೆ.

ಎಣಿಕೆ ಮತ್ತು ಅವಲೋಕನವೂ ಸಹಭಾಗಿತ್ವವೇ. ಮರಗಳು ಚಿಗುರುವ, ಹೂ ಬಿಡುವ, ಕಾಯಿ ಕಟ್ಟುವ ಕಾಲವನ್ನು ಜನರೇ ದಾಖಲಿಸುವ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾಮಕ್ಕಳ ಪಾಲು ದೊಡ್ಡದು. 2014ರಲ್ಲಿ ಆರಂಭವಾದ ‘ನೆರಳು’ ಎಂಬ ಮರಗಳ ಹಬ್ಬ ನಾಗರಿಕರ ದೇಣಿಗೆಯಿಂದ ನಡೆದು ಮರನಡಿಗೆಗಳನ್ನು ನಗರದಲ್ಲಿ ಬಳಕೆಗೆ ತಂದಿತು.

ಸುಧಾರಣೆಯ ಕೆಲಸಗಳು

ನೀರು. ತಂಪಿನ ಪ್ರಶ್ನೆ ಕೊನೆಗೆ ನೀರಿನ ಪ್ರಶ್ನೆಯೇ. ಕಾವೇರಿ ನೀರನ್ನು ನೂರು ಕಿಲೋಮೀಟರಿನಷ್ಟು ದೂರದಿಂದ ಮೇಲೆತ್ತಿ ತರುವ ನಗರದಲ್ಲಿ ಅದನ್ನು ಹುಲ್ಲಿಗೆ ಹಾಯಿಸುವುದನ್ನು ಸಮರ್ಥಿಸುವುದು ಕಷ್ಟ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟ, ವಾಹನ ತೊಳೆಯುವಿಕೆ, ಕಾರಂಜಿಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಉದ್ಯಾನಗಳಿಗೆ ಉಳಿದ ದಾರಿಗಳು ಎರಡು: ಸಂಸ್ಕರಿಸಿದ ನೀರು ಮತ್ತು ಮಳೆನೀರು. ಮೊದಲನೆಯದಕ್ಕೆ ಅಕ್ಕಪಕ್ಕದ ವಸತಿ ಸಮುಚ್ಚಯಗಳ ಒಪ್ಪಿಗೆ, ಕೊಳವೆ ಸಂಪರ್ಕ, ಗುಣಮಟ್ಟದ ಪರೀಕ್ಷೆ ಬೇಕು. ಎರಡನೆಯದಕ್ಕೆ ಕಬ್ಬನ್ ಪಾರ್ಕ್ ಉದಾಹರಣೆ. ಅಲ್ಲಿನ ಹಳೆಯ ತೆರೆದ ಬಾವಿಗಳ ಹೂಳೆತ್ತಿ, ಹೊಸ ಇಂಗುಬಾವಿಗಳನ್ನು ತೋಡಿ ಮಳೆನೀರನ್ನು ನೆಲಕ್ಕಿಳಿಸಲಾಯಿತು. ಕೆಲಸ ಮಾಡಿದವರು ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು. ಎಲ್ಲಿ ಎಷ್ಟು ಆಳಕ್ಕೆ ನೀರು ನಿಲ್ಲುತ್ತದೆ ಎಂಬ ಅವರ ತಿಳಿವಳಿಕೆಗೆ ಉದ್ಯಾನದ ಯೋಜನೆಯಲ್ಲಿ ಸ್ಥಾನ ಸಿಕ್ಕ ಅಪರೂಪದ ಸಂದರ್ಭವಿದು.

ಮಣ್ಣು. ಉದುರಿದ ಎಲೆಗಳನ್ನು ಸುಡುವುದು, ಲಾರಿಗೆ ತುಂಬಿ ಸಾಗಿಸುವುದು ಎರಡೂ ನಷ್ಟ. ಎಲೆಗೊಬ್ಬರದ ಗುಂಡಿ, ಬುಡಕ್ಕೆ ತರಗೆಲೆಯ ಮುಚ್ಚಿಗೆ ಇದ್ದರೆ ತೇವ ಉಳಿಯುತ್ತದೆ. ಹಲವು ಬಡಾವಣೆಗಳಲ್ಲಿ ಸಂಘಗಳೇ ಇದನ್ನು ನಡೆಸುತ್ತಿವೆ. ಇಂಥ ಉದ್ಯಾನಗಳಲ್ಲೇ ಅನುದಾನ ಬಂದಾಗಲೆಲ್ಲ ಕಾಲುದಾರಿ ಅಗಲವಾಗಿ, ಸಿಮೆಂಟಿನ ಇಟ್ಟಿಗೆಗಳು ಮರದ ಬುಡದವರೆಗೂ ಹರಡುವುದೂ ಉಂಟು. ಗುತ್ತಿಗೆಯಲ್ಲಿ ಅಳೆದು ಬಿಲ್ಲು ಬರೆಯಲು ಮಣ್ಣಿಗಿಂತ ಕಾಂಕ್ರೀಟು ಸುಲಭ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟನ್ನು ತೆರವುಗೊಳಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು.

ಮರ. ಬೆಂಗಳೂರಿನ ಉದ್ಯಾನಗಳ ಮರಗಳಲ್ಲಿ ಹೊರದೇಶದ ಮೂಲದವು ಹೆಚ್ಚು. ಗುಲ್‌ಮೊಹರ್, ತಬೆಬುಯಾ, ಜಕರಂಡಗಳು ಹೂವಿಗೆ ಹೆಸರಾದರೂ ಗುಲ್‌ಮೊಹರ್ ಗಾಳಿಮಳೆಗೆ ಬೇಗ ಮುರಿಯುತ್ತದೆ. ಮಳೆಮರದ ನೆರಳು ವಿಶಾಲ, ಆದರೆ ಅದಕ್ಕೆ ಬೇಕಾದ ಜಾಗವೂ ವಿಶಾಲ. ಬೇಸಗೆ ತಡೆಯುವ ನೆರಳಿಗೆ ಹೊಂಗೆ, ಬೇವು, ನೇರಳೆ, ಹಿಪ್ಪೆ, ಅತ್ತಿಗಳು ಹೊಂದುತ್ತವೆ; ಕಡುಬೇಸಗೆಗೆ ಮುನ್ನವೇ ಹೊಸ ಎಲೆ ಹೊದೆಯುವ ಹೊಂಗೆಯ ನೆರಳು ನಾಡಿನಲ್ಲಿ ಪ್ರಸಿದ್ಧ. ಜಾತಿಯ ಆಯ್ಕೆಯಲ್ಲಿ ಜನರ ಮಾತು ಕೇಳಿದಾಗ ಭಿನ್ನಾಭಿಪ್ರಾಯ ಹೊರಬರುವುದು ಸಾಮಾನ್ಯ: ಹಣ್ಣು ಬಿದ್ದು ನೆಲ ಕೊಳೆಯಾಗುತ್ತದೆ ಎಂದು ನೇರಳೆಯನ್ನು ಬೇಡವೆನ್ನುವವರೂ ಅದೇ ಹಣ್ಣಿಗಾಗಿ ಬೇಕೆನ್ನುವವರೂ ಒಂದೇ ಸಭೆಯಲ್ಲಿ ಇರುತ್ತಾರೆ. ದಟ್ಟವಾಗಿ ನೆಡುವ ಮಿಯಾವಾಕಿ ವಿಧಾನ ಚಿಕ್ಕ ಜಾಗಕ್ಕೆ ಜನಪ್ರಿಯವಾಗಿದೆ. ಆದರೆ ಕುಳಿತುಕೊಳ್ಳಲು ನೆರಳು ಬೇಕಾದ ಕಡೆ ಒಳಹೊಗಲಾಗದ ಪೊದೆ ಉಪಯೋಗಕ್ಕೆ ಬಾರದು.

ವೇಳೆ. ಖರ್ಚಿಲ್ಲದ ಸುಧಾರಣೆ ಬಾಗಿಲು ತೆರೆದಿಡುವುದು. ಬೆಂಗಳೂರಿನ ಪಾಲಿಕೆಯ ಉದ್ಯಾನಗಳು ಬಹುಕಾಲ ಬೆಳಿಗ್ಗೆ 10ರಿಂದ ಮಧ್ಯಾಹ್ನ 1.30ರವರೆಗೆ ಮುಚ್ಚಿರುತ್ತಿದ್ದವು. ಬಿಸಿಲಿಗೆ ಸಿಕ್ಕ ಬೀದಿ ವ್ಯಾಪಾರಿ, ಪೌರಕಾರ್ಮಿಕ, ಆಟೊ ಚಾಲಕ, ಡೆಲಿವರಿ ಕೆಲಸಗಾರರಿಗೆ ನೆರಳು ಬೇಕಾಗುವುದು ಆ ಹೊತ್ತಿನಲ್ಲೇ. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಆದೇಶವಾಯಿತು. ಅಹಮದಾಬಾದ್ ನಗರ 2013ರಲ್ಲಿ ದೇಶದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ರೂಪಿಸಿತು. ಬಿಸಿಲಿನ ದಿನಗಳಲ್ಲಿ ಉದ್ಯಾನಗಳನ್ನು ಹೆಚ್ಚು ಹೊತ್ತು ತೆರೆದಿಡುವುದು ಅಲ್ಲಿ ಅನುಸರಿಸಿದ ಕ್ರಮಗಳಲ್ಲಿ ಒಂದು.

ಇತರ ನಗರಗಳು

ನ್ಯೂಯಾರ್ಕಿನಲ್ಲಿ 1973ರಲ್ಲಿ ಪಾಳುಜಾಗದಲ್ಲಿ ನಾಗರಿಕರು ತೋಟ ಮಾಡಿದ್ದು ಚಳವಳಿಯಾಗಿ ಬೆಳೆದು, 1978ರಲ್ಲಿ ನಗರಾಡಳಿತವೇ ಗ್ರೀನ್‌ಥಂಬ್ ಎಂಬ ಯೋಜನೆ ಆರಂಭಿಸಿತು. ಮೆಲ್ಬರ್ನ್ ನಗರ ದೀರ್ಘ ಬರಗಾಲದಲ್ಲಿ ಮರಗಳು ಸೊರಗಿದ ಮೇಲೆ 2012ರಲ್ಲಿ ನಗರಾರಣ್ಯ ಕಾರ್ಯನೀತಿ ರೂಪಿಸಿ, ಮರಗಳ ಹೊದಿಕೆಯನ್ನು 2040ರ ವೇಳೆಗೆ ಶೇ 22ರಿಂದ ಶೇ 40ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಯಾವ ಬೀದಿಗೆ ಯಾವ ಬಗೆಯ ಮರ ಎಂಬುದನ್ನು ಪ್ರದೇಶವಾರು ಕಮ್ಮಟಗಳಲ್ಲಿ ನಿವಾಸಿಗಳೊಂದಿಗೆ ಚರ್ಚಿಸಲಾಯಿತು. ಪ್ಯಾರಿಸ್ ತನ್ನ ಡಾಂಬರು ಹಾಕಿದ ಶಾಲಾ ಅಂಗಳಗಳನ್ನು ‘ಓಯಸಿಸ್’ ಯೋಜನೆಯಡಿ ಮಕ್ಕಳ ಸಲಹೆ ಪಡೆದು ತಂಪು ಅಂಗಳಗಳಾಗಿಸುತ್ತಿದೆ. ಕೊಲಂಬಿಯಾದ ಮೆಡೆಲಿನ್ 2016ರಿಂದ ಮೂವತ್ತು ಹಸಿರು ಪಥಗಳನ್ನು ಬೆಳೆಸಿತು. ಹಿಂದುಳಿದ ನೆರೆಹೊರೆಗಳ ಜನರಿಗೆ ತರಬೇತಿ ಕೊಟ್ಟು ಸಂಬಳದ ತೋಟಗಾರರನ್ನಾಗಿ ನೇಮಿಸಿದ್ದು ಅದನ್ನು ಶ್ರಮದಾನದ ಮಾದರಿಗಳಿಂದ ಬೇರೆಯಾಗಿಸುತ್ತದೆ.

ಮಿತಿಗಳು

ಸಂಘ ಎಂದರೆ ಸಮುದಾಯವಲ್ಲ. ಕ್ಷೇಮಾಭಿವೃದ್ಧಿ ಸಂಘಗಳ ಸದಸ್ಯತ್ವ ಹೆಚ್ಚಾಗಿ ಮನೆ ಮಾಲೀಕರದು. ಬಾಡಿಗೆದಾರರು, ಮನೆಗೆಲಸದವರು, ಕೊಳೆಗೇರಿಯ ನಿವಾಸಿಗಳು, ಉದ್ಯಾನದಲ್ಲೇ ದುಡಿಯುವ ಮಾಲಿಗಳು ಅದರ ಹೊರಗೆ. ಮಲಗಬಾರದು, ಆಡಬಾರದು, ಊಟ ಮಾಡಬಾರದು ಎಂಬ ಫಲಕಗಳು ಯಾರ ಒತ್ತಾಯದಿಂದ ಬಂದವೆಂದು ನೋಡಿದರೆ ಈ ಅಂತರ ತಿಳಿಯುತ್ತದೆ. ತಗಡಿನ ಚಾವಣಿಯಡಿ ಬಾಳುವವರಿಗೆ ತಂಪಿನ ಅಗತ್ಯ ಎಲ್ಲರಿಗಿಂತ ಹೆಚ್ಚು. ಅವರ ವಸತಿಗಳ ಸುತ್ತ ಉದ್ಯಾನಗಳೂ ಕಡಿಮೆ. ಬೇಲಿ ಹಾಕಿದ ಕೆರೆಗಳಲ್ಲಿ ದನ ಮೇಯಿಸುವವರೂ ಬಟ್ಟೆ ಒಗೆಯುವವರೂ ಹೊರಗುಳಿದ ನಿದರ್ಶನಗಳು ಸಾಕಷ್ಟಿವೆ. ಕೈಕೊಂಡ್ರಹಳ್ಳಿ ಈ ದೃಷ್ಟಿಯಿಂದ ಅಪವಾದ.

ಸ್ವಯಂಸೇವಕರ ಉತ್ಸಾಹ ಕೆಲವೇ ವ್ಯಕ್ತಿಗಳನ್ನು ನೆಚ್ಚಿರುವುದು ಇನ್ನೊಂದು ತೊಡಕು. ಅವರು ಊರು ಬಿಟ್ಟರೆ, ವಯಸ್ಸಾದರೆ ಕೆಲಸ ನಿಲ್ಲುತ್ತದೆ. ಒಡಂಬಡಿಕೆಗಳ ಅವಧಿ ಚಿಕ್ಕದಾಗಿದ್ದು, ಅಧಿಕಾರಿ ಬದಲಾದಾಗ ನವೀಕರಣ ತಡವಾಗುತ್ತದೆ. ಪಾಲಿಕೆ ತಾನು ಮಾಡಬೇಕಾದುದನ್ನು ನಾಗರಿಕರ ಮೇಲೆ ಹೊರಿಸುತ್ತಿದೆ ಎಂಬ ಟೀಕೆಯೂ ಇದೆ. ಚರಂಡಿ ನೀರು ರಾಜಕಾಲುವೆಗೆ ಸೇರುವುದನ್ನು ತಡೆಯಲು ಯಾವ ಟ್ರಸ್ಟಿಗೂ ಸಾಧ್ಯವಿಲ್ಲವಾದ್ದರಿಂದ ಈ ಟೀಕೆಯಲ್ಲಿ ಹುರುಳಿದೆ. ಅಳತೆಯ ಕೊರತೆಯೂ ಗಮನಾರ್ಹ. ಅಮೆರಿಕದ ಹಲವು ನಗರಗಳಲ್ಲಿ 2017ರಿಂದ ಸ್ವಯಂಸೇವಕರು ವಾಹನಗಳಿಗೆ ಸಂವೇದಕ ಕಟ್ಟಿ ಬೀದಿಬೀದಿಯ ತಾಪದ ನಕ್ಷೆ ತಯಾರಿಸುತ್ತಿದ್ದಾರೆ. ಇಲ್ಲಿ ಉದ್ಯಾನಗಳ ಸಾಧನೆಯನ್ನು ಇನ್ನೂ ನೆಟ್ಟ ಸಸಿಗಳ ಸಂಖ್ಯೆಯಲ್ಲಿ ಹೇಳುವುದೇ ರೂಢಿ; ಬದುಕಿ ಉಳಿದ ಸಸಿಗಳ ಲೆಕ್ಕವಾಗಲಿ ಇಳಿದ ತಾಪದ ಲೆಕ್ಕವಾಗಲಿ ವರದಿಗಳಲ್ಲಿ ಅಪರೂಪ.

ಇಂದಿನ ಸ್ಥಿತಿ

ಬೆಂಗಳೂರು ಹವಾಮಾನ ಕ್ರಿಯಾಯೋಜನೆ 2023ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಕಟ್ಟಡ, ಸಾರಿಗೆ, ತ್ಯಾಜ್ಯ, ನೀರುಗಳ ಜೊತೆಗೆ ನಗರದ ಹಸಿರು ಮತ್ತು ಜೀವವೈವಿಧ್ಯವನ್ನೂ ಅದು ಒಳಗೊಂಡಿದ್ದು, 2050ರ ವೇಳೆಗೆ ಇಂಗಾಲ ತಟಸ್ಥತೆಯ ಗುರಿ ಹೇಳುತ್ತದೆ. ಆಡಳಿತ ವ್ಯವಸ್ಥೆ ಅಷ್ಟರಲ್ಲಿ ಬದಲಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮವು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಿಂದ ಹಳೆಯ ಮಹಾನಗರ ಪಾಲಿಕೆಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರಪಾಲಿಕೆಗಳು ಬಂದಿವೆ. ಬಡಾವಣೆಯ ಉದ್ಯಾನಗಳ ನಿರ್ವಹಣೆ, ಸಂಘಗಳೊಂದಿಗಿನ ಒಡಂಬಡಿಕೆಗಳು, ವಾರ್ಡ್ ಸಮಿತಿಗಳ ರಚನೆ ಇವೆಲ್ಲ ಈ ಐದರ ನಡುವೆ ಹಂಚಿಕೆಯಾಗುವ ವಿಷಯಗಳು. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಮೊದಲಿನಂತೆ ತೋಟಗಾರಿಕೆ ಇಲಾಖೆಯಲ್ಲೇ ಮುಂದುವರಿದಿವೆ.